ನಾಲ್ಕು ವರ್ಷದ ಫೋನ್ ಮತ್ತು ಹಿಂದಕ್ಕೆ ಹೋಗಲು ಬಿಡದ ಅಪ್‌ಡೇಟ್

ಈ ಫೋನ್ ಕೊಂಡು ನಾಲ್ಕು ವರ್ಷಗಳಾದವು. ಮೊದಲ ಮೂರೂವರೆ ವರ್ಷ ಅದರ ಬಗ್ಗೆ ನನ್ನದು ಒಂದೂ ದೂರಿರಲಿಲ್ಲ. ಎರಡು ಬಾರಿ ಕೈಜಾರಿ ಬಿದ್ದರೂ ಸ್ಕ್ರೀನ್ ಒಡೆದಿರಲಿಲ್ಲ, ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿಯವರೆಗೆ ಸಾಕಾಗುತ್ತಿತ್ತು. ಆಮೇಲೆ ದೊಡ್ಡದೊಂದು ಅಪ್‌ಡೇಟ್ ಬಂತು. ಹಲವು ದಿನ ಮುಂದೂಡಿದ ಬಳಿಕ, ಭದ್ರತೆಗೆ ಇದು ಅಗತ್ಯ ಎಂಬ ಸೂಚನೆಯನ್ನು ನಂಬಿ ಒಂದು ರಾತ್ರಿ ಹಾಕಿಕೊಂಡೆ.

ಮರುದಿನದಿಂದ ಕನ್ನಡದಲ್ಲಿ ಟೈಪ್ ಮಾಡುವುದೇ ಕಷ್ಟವಾಯಿತು. ‘ಅಮ್ಮ’ ಎಂದು ಬರೆಯಹೊರಟರೆ ಮಕಾರಕ್ಕೆ ಒತ್ತು ಮೂಡುವಷ್ಟರಲ್ಲಿ ಬೆರಳು ಮುಂದಿನ ಪದವನ್ನೇ ಮುಗಿಸಿರುತ್ತಿತ್ತು, ತಡೆದು ನಿಂತ ಅಕ್ಷರಗಳೆಲ್ಲ ಒಮ್ಮೆಲೇ ಬಂದು ಸಾಲು ಕಲಸಿಹೋಗುತ್ತಿತ್ತು. ತರಕಾರಿ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಲು ಕ್ಯಾಮೆರಾ ತೆರೆದುಕೊಳ್ಳುವವರೆಗೆ ಹಿಂದೆ ನಿಂತವರು ಕಾಯಬೇಕಾದ್ದರಿಂದ, ಈಗ ಮತ್ತೆ ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುತ್ತಿದ್ದೇನೆ. ಫ್ಯಾಕ್ಟರಿ ರೀಸೆಟ್ ಮಾಡಿದ್ದಾಯಿತು, ಹೊಸ ಬ್ಯಾಟರಿ ಹಾಕಿಸಿದ್ದೂ ಆಯಿತು. ವೇಗ ಮಾತ್ರ ಮರಳಲಿಲ್ಲ.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೌಂಟರಿನ ಯುವಕ ಸೌಜನ್ಯದಿಂದಲೇ ಉತ್ತರಿಸಿದರು: “ಸರ್, ಒಂದ್ಸಲ ಅಪ್‌ಡೇಟ್ ಆದ್ರೆ ಹಳೇ ವರ್ಷನ್‌ಗೆ ಹೋಗೋಕಾಗಲ್ಲ. ನಮ್ಮ ಕೈಲೂ ಆಗಲ್ಲ.” ಆಮೇಲೆ ಹೊಸ ಮಾದರಿಗಳ ಎಕ್ಸ್‌ಚೇಂಜ್ ದರಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು.

ಅವರು ಹೇಳಿದ್ದು ನಿಜ. ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಯಾವ ಆವೃತ್ತಿಯವರೆಗೆ ಬಂದಿದ್ದೇವೆ ಎಂಬ ಸಂಖ್ಯೆಯೊಂದು ಸುಲಭವಾಗಿ ಅಳಿಸಲಾಗದ ಕಡೆ ದಾಖಲಾಗಿರುತ್ತದೆ; ಅದಕ್ಕಿಂತ ಹಳೆಯದನ್ನು ಹಾಕಿದರೆ ಫೋನ್ ಚಾಲೂ ಆಗುವುದಿಲ್ಲ. ಆಪಲ್‌ನ ಐಫೋನ್‌ಗಳಲ್ಲಿ ಮೂಲ ಸಾಫ್ಟ್‌ವೇರ್ ಆದ ಐಒಎಸ್‌ನ ಪ್ರತಿ ಇನ್‌ಸ್ಟಾಲ್‌ಗೂ ಕಂಪನಿಯ ಸರ್ವರ್ ಒಪ್ಪಿಗೆಯ ಡಿಜಿಟಲ್ ಸಹಿ ಹಾಕಬೇಕು, ಹಳೆಯ ಆವೃತ್ತಿಗಳಿಗೆ ಅದು ಸಹಿ ನಿಲ್ಲಿಸಿಬಿಡುತ್ತದೆ. ಕದ್ದವರು ದೋಷಗಳಿರುವ ಹಳೆಯ ಸಾಫ್ಟ್‌ವೇರ್ ಹಾಕಿ ಒಳನುಗ್ಗಬಾರದು ಎಂಬ ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಪಾಸ್‌ವರ್ಡ್ ಕೊಟ್ಟು, ಡೇಟಾ ಎಲ್ಲ ಅಳಿಸಲು ಒಪ್ಪಿ, ಬಿಲ್ ಹಿಡಿದು ಎದುರಿಗೆ ನಿಂತ ಮಾಲೀಕನಿಗೂ ಅದೇ ಬಾಗಿಲು ಮುಚ್ಚಿರಬೇಕೇಕೆ?

ಈ ಪ್ರಶ್ನೆ ನನ್ನೊಬ್ಬನದಲ್ಲ. 2018ರ ಅಕ್ಟೋಬರ್‌ನಲ್ಲಿ ಇಟಲಿಯ ಮಾರುಕಟ್ಟೆ ಸ್ಪರ್ಧಾ ಪ್ರಾಧಿಕಾರವು ಹಳೆಯ ಫೋನ್‌ಗಳನ್ನು ನಿಧಾನಗೊಳಿಸಿದ ಅಪ್‌ಡೇಟ್‌ಗಳಿಗಾಗಿ ಆಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಸ್ಯಾಮ್‌ಸಂಗ್ ಪ್ರಕರಣ 2014ರ ಗ್ಯಾಲಕ್ಸಿ ನೋಟ್ 4 ಕುರಿತದ್ದಾಗಿತ್ತು. 2020ರ ಫೆಬ್ರುವರಿಯಲ್ಲಿ, ಬ್ಯಾಟರಿ ಹಳೆಯದಾದ ಐಫೋನ್‌ಗಳನ್ನು ನಿಧಾನಗೊಳಿಸಿದ ಅಪ್‌ಡೇಟ್‌ಗಳ ವಿಚಾರದಲ್ಲಿ ಆಪಲ್‌ಗೆ ಎರಡೂವರೆ ಕೋಟಿ ಯೂರೋ ದಂಡ ವಿಧಿಸಿದಾಗ ಫ್ರಾನ್ಸಿನ ಅಧಿಕಾರಿಗಳು, ಹಿಂದಿನ ಆವೃತ್ತಿಗೆ ಮರಳಲಾಗದೆ ಅನೇಕರು ಬ್ಯಾಟರಿ ಬದಲಿಸಬೇಕಾಯಿತು, ಇಲ್ಲವೇ ಹೊಸ ಫೋನ್ ಕೊಳ್ಳಬೇಕಾಯಿತು ಎಂಬುದನ್ನೂ ಎತ್ತಿ ಹೇಳಿದರು. ಅಷ್ಟರಲ್ಲಿ, ಅಂದರೆ 2018ರ ಮಾರ್ಚ್‌ನಲ್ಲೇ, ಐಒಎಸ್ 11.3ರ ಮೂಲಕ ಬ್ಯಾಟರಿಯ ಸ್ಥಿತಿ ನೋಡುವ ಮತ್ತು ವೇಗದ ಕಡಿತವನ್ನು ನಿಲ್ಲಿಸುವ ಆಯ್ಕೆಯನ್ನು ಆಪಲ್ ಕೊಟ್ಟಿತ್ತು. ನನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಂಥದ್ದೇನೂ ಇಲ್ಲ.

ಫೋನಿಗೆ ಐದರಲ್ಲಿ ನಾಲ್ಕು ಅಂಕ, ಅಪ್‌ಡೇಟ್ ಸೇವೆಗೆ ಒಂದು. ಇದೇ ವಯಸ್ಸಿನ ಫೋನ್ ಇರುವವರು ಸಣ್ಣ ಭದ್ರತಾ ಅಪ್‌ಡೇಟ್‌ಗಳನ್ನು ತಪ್ಪದೆ ಹಾಕಿಕೊಳ್ಳಿ. ಆವೃತ್ತಿಯೇ ಬದಲಾಗುವ ದೊಡ್ಡ ಅಪ್‌ಡೇಟ್ ಬಂದಾಗ ಮಾತ್ರ, ಅದೇ ಮಾದರಿ ಬಳಸುವ ಒಬ್ಬರನ್ನಾದರೂ ವಿಚಾರಿಸಿದ ಮೇಲೆ ಇನ್‌ಸ್ಟಾಲ್ ಒತ್ತಿ.