ಚಾಲಕನಿರುವ ಕಾರೋ, ತಾನೇ ಓಡುವ ಕಾರೋ?

ಕುಡಿತ, ನಿದ್ದೆ, ಮೊಬೈಲು: ಮನುಷ್ಯ ಚಾಲಕ ಎಡವುವುದು ಇಲ್ಲೇ. ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನ ಸಾಯುತ್ತಾರೆ. ಯಂತ್ರಕ್ಕೆ ಈ ಮೂರೂ ಇಲ್ಲ. ಅದರ ಲೈಡಾರ್ (ಲೇಸರ್ ಕಿರಣ ಬಿಟ್ಟು ದೂರ ಅಳೆಯುವ ಸಾಧನ) ಕತ್ತಲಲ್ಲೂ ಸುತ್ತಲೂ ನೋಡುತ್ತದೆ.

ಆದರೆ ಕಂಡರೆ ಸಾಲದು, ಅರ್ಥವೂ ಆಗಬೇಕು. 2018ರಲ್ಲಿ ಅಮೆರಿಕದ ಅರಿಜೋನಾದ ಟೆಂಪಿಯಲ್ಲಿ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ತಾನೇ ಓಡುತ್ತಿದ್ದ ಊಬರ್‌ನ ಪರೀಕ್ಷಾ ಕಾರಿಗೆ 5 ಸೆಕೆಂಡ್ ಮೊದಲೇ ಏನೋ ಕಂಡಿತ್ತು. ವಾಹನವೋ, ಸೈಕಲ್ಲೋ ಎಂದು ಲೆಕ್ಕ ಬದಲಿಸುತ್ತಲೇ ಹೋಗಿ ಗುದ್ದಿತು. ಆಕೆ ಉಳಿಯಲಿಲ್ಲ. ಪೊಲೀಸರ ಕೈಸನ್ನೆ, ರಸ್ತೆ ಕಾಮಗಾರಿ ಇರುವ ಕಡೆ ಅನುಭವಿ ಚಾಲಕನೇ ವಾಸಿ.

ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಎಂಬುದನ್ನು 0ರಿಂದ 5ರ ಹಂತಗಳಲ್ಲಿ ಹೇಳುತ್ತಾರೆ. ನನಗೆ ಜಾಸ್ತಿ ಭಯ ಹಂತ 2ರ ಕಾರಿನದು. ಸ್ಟಿಯರಿಂಗ್ ಅದು ತಿರುಗಿಸುತ್ತದೆ, ಹೊಣೆ ಮಾತ್ರ ನಿಮ್ಮದೇ. ಸುಮ್ನೆ ಕೂತರೆ ಗಮನ ಜಾರುತ್ತದೆ ಅಲ್ವಾ? ಗೊತ್ತುಪಡಿಸಿದ ಪ್ರದೇಶದಲ್ಲಷ್ಟೇ, ಚಾಲಕನ ನೆರವಿಲ್ಲದೆ ಓಡುವ ಹಂತ 4ರ ಟ್ಯಾಕ್ಸಿಯಾದರೆ ಧೈರ್ಯವಾಗಿ ಹತ್ತುತ್ತೇನೆ.