ಟೆಕಾನ್ಶಾ ಪ್ರಾಡಿಜಿ ಪಿ3 ಟ್ರೇಲರ್ ಬ್ರೇಕ್ ಕಂಟ್ರೋಲರ್: ಆರು ಬೇಸಿಗೆಗಳ ಬಳಕೆಯ ನಂತರ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರಿನ ಪಕ್ಕದ ಅರೋರಾದಲ್ಲಿ ವಾಸಿಸುವ ನಾವು 2019ರಲ್ಲಿ 21 ಅಡಿ ಉದ್ದದ, ಎರಡು ಆಕ್ಸಲ್‌ಗಳ ಒಂದು ಹಳೆಯ ಟ್ರಾವೆಲ್ ಟ್ರೇಲರನ್ನು, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಪ್ರವಾಸದ ಪುಟ್ಟ ಮನೆಯನ್ನು, ಕೊಂಡೆವು. ನೀರು, ಗ್ಯಾಸ್ ಸಿಲಿಂಡರ್, ಪಾತ್ರೆ ಪಗಡ, ಮಕ್ಕಳ ಸೈಕಲ್ಲುಗಳೆಲ್ಲ ಸೇರಿ ತೂಗಿಸಿದಾಗ ಅದು 4,800 ಪೌಂಡ್ ಬಂದಿತು. ಅದನ್ನು ಎಳೆಯುವುದು 2012ರ ಫೋರ್ಡ್ ಎಫ್-150 ಪಿಕಪ್. ಚಾಲಕ ಬ್ರೇಕ್ ತುಳಿದಾಗ ಟ್ರೇಲರಿನ ಬ್ರೇಕಿಗೂ ವಿದ್ಯುತ್ ಕಳಿಸಿ ಅದನ್ನು ಹಿಡಿಸುವ ಪೆಟ್ಟಿಗೆಯೇ ಬ್ರೇಕ್ ಕಂಟ್ರೋಲರ್. ಕಾರ್ಖಾನೆಯಲ್ಲೇ ಅಳವಡಿಸುವ ಕಂಟ್ರೋಲರನ್ನು ಪಿಕಪ್ಪಿನ ಮೊದಲ ಮಾಲೀಕರು ಹಾಕಿಸಿಕೊಂಡಿರಲಿಲ್ಲ. ಅದರ ಬದಲು ಡ್ಯಾಶ್‌ಬೋರ್ಡಿನ ಕೆಳಗೆ ಅಗ್ಗದ ಕಂಟ್ರೋಲರೊಂದನ್ನು ಬಿಗಿದಿದ್ದರು. ಕೊಲರಾಡೊದಲ್ಲಿ 3,000 ಪೌಂಡ್ ಮುಟ್ಟಿದ ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕೆಂಬುದು ಕಾನೂನು. ಬ್ರೇಕೂ ಇದೆ, ಕಂಟ್ರೋಲರೂ ಇದೆ, ಇನ್ನೇನು ಬೇಕು ಎಂದುಕೊಂಡು ಹೊರಟೆವು.

ಆ ಅಗ್ಗದ ಪೆಟ್ಟಿಗೆ ಕಾಲಾಧಾರಿತ ಬಗೆಯದು. ನೀವು ಪೆಡಲನ್ನು ಮೆಲ್ಲಗೆ ಮುಟ್ಟಿದರೂ ಒಂದೇ, ಗಟ್ಟಿಯಾಗಿ ತುಳಿದರೂ ಒಂದೇ. ಬ್ರೇಕ್ ದೀಪ ಹತ್ತಿದ ಕ್ಷಣದಿಂದ ಲೆಕ್ಕ ಹಿಡಿದು, ನಿಗದಿಯಾದ ವೇಗದಲ್ಲಿ ಟ್ರೇಲರಿನ ಬ್ರೇಕಿಗೆ ವಿದ್ಯುತ್ತನ್ನು ಏರಿಸುತ್ತ ಹೋಗುವುದಷ್ಟೇ ಅದರ ಕೆಲಸ. ನಗರದ ದಟ್ಟಣೆಯಲ್ಲಿ ಇದರಿಂದ ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದಂತಾಗುತ್ತಿತ್ತು. ನಿಜವಾದ ಪರೀಕ್ಷೆ ನಡೆದದ್ದು ಐ-70 ಹೆದ್ದಾರಿಯಲ್ಲಿ. ಐಸೆನ್‌ಹೋವರ್ ಸುರಂಗ 11,000 ಅಡಿಗಿಂತಲೂ ಎತ್ತರದಲ್ಲಿದೆ. ಅದರ ಪಶ್ಚಿಮದ ಬಾಯಿಂದ ಹೊರಬಿದ್ದೊಡನೆ ರಸ್ತೆ ಸಿಲ್ವರ್‌ಥಾರ್ನ್ ಊರಿನತ್ತ ಶೇಕಡಾ 7ರ ಇಳಿಜಾರಿನಲ್ಲಿ ಇಳಿಯುತ್ತದೆ. ಅಲ್ಲಿ ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಧಾನಿಸಿದಾಗ ನಾನು ಗಟ್ಟಿಯಾಗಿ ಬ್ರೇಕ್ ತುಳಿದೆ. ಟ್ರೇಲರಿನ ಬ್ರೇಕ್ ಎಚ್ಚರಗೊಳ್ಳುವುದರೊಳಗೆ ಅದರ ಅಷ್ಟೂ ಭಾರ ಪಿಕಪ್ಪಿನ ಬೆನ್ನಿಗೆ ಬಿತ್ತು. ಮಂಡ್ಯದ ಕಡೆ ಕಬ್ಬು ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ದಬ್ಬಿಕೊಂಡು ಹೋಗುವುದನ್ನು ಕಂಡವರಿಗೆ ಆ ಅನುಭವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ಬಂದು ನಿಂತಾಗ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮರುವಾರವೇ ಹೊಸ ಕಂಟ್ರೋಲರ್ ಹುಡುಕಲಾರಂಭಿಸಿದೆ.

ಆಗ ನನ್ನ ಮುಂದೆ ಮೂರು ದಾರಿಗಳಿದ್ದವು. ಕರ್ಟ್ ಎಕೋ ಎಂಬುದು ಟ್ರೇಲರಿನ ವಿದ್ಯುತ್ ತಂತಿಯನ್ನು ಜೋಡಿಸುವ, ಬಂಪರಿನ ಬಳಿಯ ಏಳು ಪಿನ್ನಿನ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವಂಥದ್ದು. ತಂತಿ ಕೆಲಸವಿಲ್ಲ, ಇಂದು ಈ ವಾಹನಕ್ಕೆ, ನಾಳೆ ಮತ್ತೊಂದಕ್ಕೆ ಹಾಕಿಕೊಳ್ಳಬಹುದು. ಆದರೆ ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕಬೇಕಾದ ಗಳಿಗೆಯಲ್ಲಿ ಫೋನಿನ ಪರದೆಯನ್ನು ಒತ್ತಬೇಕು ಎಂಬುದು ನನಗೆ ಒಗ್ಗಲಿಲ್ಲ. ಆಸ್ಟ್ರೇಲಿಯಾದ ರೆಡಾರ್ಕ್ ಟೋ-ಪ್ರೋ ಅಂದವಾಗಿದೆ. ಪೆಟ್ಟಿಗೆ ಎಲ್ಲೋ ಒಳಗೆ ಅಡಗಿರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಒಂದು ಪುಟ್ಟ ತಿರುಗುಗುಂಡಿ ಮಾತ್ರ. ಆದರೆ ನನಗೆ ಪರದೆಯಲ್ಲಿ ಅಂಕಿ ಕಾಣಬೇಕಿತ್ತು. ಹೀಗಾಗಿ ಟೆಕಾನ್ಶಾದ ಪ್ರಾಡಿಜಿ ಪಿ3ರ ಮೇಲೆ ಕಣ್ಣು ನೆಟ್ಟಿತು. ಇದರೊಳಗಿನ ಸಂವೇದಕವು ವಾಹನ ಎಷ್ಟು ತೀವ್ರವಾಗಿ ನಿಧಾನಿಸುತ್ತಿದೆ ಎಂಬುದನ್ನು ಅಳೆದು, ಅದೇ ಪ್ರಮಾಣದಲ್ಲಿ ಟ್ರೇಲರಿನ ಬ್ರೇಕಿಗೆ ವಿದ್ಯುತ್ತನ್ನು ಕಳಿಸುತ್ತದೆ.

ಅಳವಡಿಕೆಗೆ ಒಂದು ಸಂಜೆ ಹಿಡಿಯಿತು. ಫೋರ್ಡಿಗೆಂದೇ ಸಿಗುವ ಜೋಡಣೆ ತಂತಿಯನ್ನು ಕೊಂಡರೆ ಕತ್ತರಿಸಿ ಬೆಸೆಯುವ ಕೆಲಸವಿಲ್ಲ. ಪೆಟ್ಟಿಗೆ ವಾಹನ ಚಲಿಸುವ ದಿಕ್ಕಿಗೆ ನೇರವಾಗಿರಬೇಕು, ಎಡಬಲಕ್ಕೆ ವಾಲಿರಬಾರದು, ಅಲುಗಾಡಬಾರದು. ಮೂತಿ ಮೇಲಕ್ಕೋ ಕೆಳಕ್ಕೋ ಓರೆಯಾಗಿದ್ದರೆ ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ನಾನು ಮಾಡಿದ ತಪ್ಪೆಂದರೆ ಅದನ್ನು ಸ್ಟೀಯರಿಂಗಿನ ಬಲಕ್ಕೆ ತೀರ ಕೆಳಗೆ ಬಿಗಿದದ್ದು. ಒಂದು ಬೇಸಿಗೆಯಿಡೀ ಹತ್ತುವಾಗ ಇಳಿಯುವಾಗ ಮೊಣಕಾಲಿಗೆ ತಾಗಿಸಿಕೊಂಡ ಮೇಲೆ ಎರಡು ಇಂಚು ಮೇಲಕ್ಕೆ ಸರಿಸಿದೆ. ಡ್ರಿಲ್ ಮಾಡುವ ಮೊದಲು ಸೀಟಿನಲ್ಲಿ ಕುಳಿತು, ಕಣ್ಣು ರಸ್ತೆಯ ಮೇಲಿರುವಂತೆಯೇ ಕೈ ತಂತಾನೆ ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು.

ಹೊಂದಿಸುವ ಕ್ರಮ ಸರಳವಾದರೂ ತಾಳ್ಮೆ ಬೇಡುತ್ತದೆ. ಖಾಲಿ ಮೈದಾನವೊಂದರಲ್ಲಿ ಗಂಟೆಗೆ 25 ಮೈಲಿಯಲ್ಲಿ ಹೋಗುತ್ತ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕಲು ಪೆಟ್ಟಿಗೆಯ ಮೇಲಿರುವ ಸನ್ನೆಯನ್ನು (ಲಿವರನ್ನು) ಕೈಯಿಂದ ಪೂರ್ತಿ ಒತ್ತಬೇಕು. ಟ್ರೇಲರಿನ ಚಕ್ರಗಳು ಕಚ್ಚಿ ಜಾರಿದರೆ ಶಕ್ತಿಯನ್ನು ಇಳಿಸಬೇಕು, ಹಿಡಿತ ಸಾಲದಿದ್ದರೆ ಏರಿಸಬೇಕು, ಜಾರುವುದಕ್ಕಿಂತ ಕೊಂಚ ಹಿಂದೆ ನಿಲ್ಲಿಸಬೇಕು. ಪರದೆಯ ಮೇಲೆ ಕಾಣುವ ಶಕ್ತಿಯ ಅಂಕಿಯನ್ನು ನಾನು 6.0ರಿಂದ ಆರಂಭಿಸಿ 6.8ಕ್ಕೆ ತಂದು ನಿಲ್ಲಿಸಿದೆ. ನೀರಿನ ಟ್ಯಾಂಕ್ ಖಾಲಿಯಾಗಿ ಮರಳುವಾಗ 6.2 ಸಾಕು. ಮಳೆ ಬಂದರೆ ಅದಕ್ಕಿಂತಲೂ ಇಳಿಸುತ್ತೇನೆ. ಆರಂಭದ ಹಿಡಿತವನ್ನು ಹೆಚ್ಚಿಸುವ ಬೂಸ್ಟ್ ಎಂಬ ಆಯ್ಕೆಯಲ್ಲಿ ಮೂರು ಮಟ್ಟಗಳಿವೆ. ನನ್ನ ಟ್ರೇಲರೂ ಪಿಕಪ್ಪೂ ಹೆಚ್ಚುಕಡಿಮೆ ಒಂದೇ ತೂಕದವಾದ್ದರಿಂದ ಬಿ1 ಸರಿಹೋಗಿದೆ. ಬಿ3 ಹಾಕಿ ನೋಡಿದ ದಿನ ಅಡುಗೆಯ ಕಪಾಟಿನ ಬಾಗಿಲು ತೆರೆದುಕೊಂಡು ಅಕ್ಕಿಯ ಡಬ್ಬ ನೆಲಕ್ಕುರುಳಿತ್ತು.

ಅದೇ ಸಿಲ್ವರ್‌ಥಾರ್ನ್ ಇಳಿಜಾರನ್ನು ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಸಲ ಇಳಿದಿದ್ದೇನೆ. ಗೇರನ್ನು ಮೊದಲೇ ಇಳಿಸಿ, ಆಗಾಗ ಬ್ರೇಕ್ ತುಳಿದು ಬಿಡುತ್ತ ಬಂದರೆ ಟ್ರೇಲರ್ ಹಿಂದೆ ಇದೆಯೆಂಬುದೇ ಮರೆಯುವಷ್ಟು ಒಟ್ಟಾಗಿ ಎರಡೂ ನಿಧಾನಿಸುತ್ತವೆ. ಹೀಗೆಂದು ಇಳಿಜಾರಿನ ಪೂರ್ತಿ ಹೊಣೆಯನ್ನು ಕಂಟ್ರೋಲರಿನ ಮೇಲೆ ಹಾಕಲಾಗದು. ಬಿಡದೆ ತುಳಿದರೆ ಟ್ರೇಲರಿನ ಬ್ರೇಕ್ ಡ್ರಮ್ಮುಗಳೂ ಕಾಯುತ್ತವೆ, ಕಾದ ಡ್ರಮ್ಮಿಗೆ ಎಷ್ಟು ವಿದ್ಯುತ್ ಕೊಟ್ಟರೂ ಹಿಡಿತ ಬರದು. ಸನ್ನೆಯ ಬೆಲೆ ತಿಳಿದದ್ದು ವಯೋಮಿಂಗಿನಲ್ಲಿ. ಐ-80ರಲ್ಲಿ ಲಾರಮಿ ದಾಟಿದ ಮೇಲೆ ಅಡ್ಡಗಾಳಿಗೆ ಟ್ರೇಲರ್ ಬಾಲ ಬೀಸತೊಡಗಿದಾಗ, ಪೆಡಲನ್ನು ಮುಟ್ಟದೆ ಸನ್ನೆಯನ್ನು ಮಾತ್ರ ಮೆಲ್ಲಗೆ ಒತ್ತಿದೆ. ಹಿಂದಿನಿಂದ ಹಗ್ಗ ಜಗ್ಗಿದಂತೆ ಟ್ರೇಲರ್ ನೇರವಾಯಿತು.

ನನ್ನ ಮಟ್ಟಿಗೆ ಈ ಪೆಟ್ಟಿಗೆಯ ದೊಡ್ಡ ಗುಣ ಇದಾವುದೂ ಅಲ್ಲ. ಮೂರನೆಯ ಬೇಸಿಗೆಯಲ್ಲಿ ಒಮ್ಮೆ ಪರದೆಯ ಮೇಲೆ ಶಾರ್ಟ್ ಆಗಿದೆಯೆಂಬ ಎಚ್ಚರಿಕೆ ಮಿನುಗಿ ಮಾಯವಾಯಿತು. ಹತ್ತು ಮೈಲಿಯಾದ ಮೇಲೆ ಮತ್ತೆ ಬಂತು. ಕಂಟ್ರೋಲರೇ ಕೆಟ್ಟಿದೆಯೆಂದು ಬೈದುಕೊಂಡೆ. ಮನೆಗೆ ಬಂದು ಟ್ರೇಲರಿನ ಅಡಿಗೆ ನುಸುಳಿ ನೋಡಿದರೆ, ಬ್ರೇಕಿನ ಮ್ಯಾಗ್ನೆಟ್ಟುಗಳಿಗೆ (ವಿದ್ಯುತ್ ಹರಿದಾಗ ಬ್ರೇಕನ್ನು ಹಿಡಿಸುವ, ಚಕ್ರಕ್ಕೊಂದರಂತಿರುವ ಅಯಸ್ಕಾಂತಗಳಿಗೆ) ಹೋಗುವ ತಂತಿಯನ್ನು ಆಕ್ಸಲ್ಲಿನ ಕೊಳವೆಯೊಳಗೆ ತೂರಿಸಿದ್ದರು. ವರ್ಷಗಟ್ಟಲೆ ಕುಲುಕಾಟಕ್ಕೆ ಅದರ ಹೊದಿಕೆ ಸವೆದು ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಹೊಸ ತಂತಿಯನ್ನು ಕೊಳವೆಯ ಹೊರಗೆ ಎಳೆದು ಕಟ್ಟಿದೆ. ಅಂದಿನಿಂದ ಪ್ರತಿ ಏಪ್ರಿಲಿನಲ್ಲಿ ಬ್ರೇಕಿಗೆ ಹರಿಯುವ ಕರೆಂಟನ್ನು ಮೀಟರಿನಲ್ಲಿ ಅಳೆಯುತ್ತೇನೆ. ಒಂದು ಮ್ಯಾಗ್ನೆಟ್ಟಿಗೆ ಸುಮಾರು 3 ಆಂಪಿಯರಿನಂತೆ ನಾಲ್ಕಕ್ಕೆ 12ರ ಆಸುಪಾಸು ಬರಬೇಕು; 9 ಬಂದರೆ ಒಂದು ಚಕ್ರ ಬ್ರೇಕಿಲ್ಲದೆ ಉರುಳುತ್ತಿದೆಯೆಂದೇ ಅರ್ಥ. ಹಳೆಯ ಅಗ್ಗದ ಪೆಟ್ಟಿಗೆಯಲ್ಲಿದ್ದದ್ದು ಒಂದು ದೀಪ. ಅದು ಇಂಥದ್ದೇನನ್ನೂ ಹೇಳುವಂತಿರಲಿಲ್ಲ.

ಪಿ3ರ ಬಗೆಗೆ ನನ್ನ ತಕರಾರುಗಳು ಸಣ್ಣವು. ಪೆಟ್ಟಿಗೆ ದಪ್ಪ, ಇಕ್ಕಟ್ಟಾದ ಡ್ಯಾಶ್‌ಬೋರ್ಡಿನಲ್ಲಿ ಎದ್ದು ಕಾಣುತ್ತದೆ. ಪರದೆಯ ಬಣ್ಣ ಬದಲಿಸುವ ಸೌಲಭ್ಯ ಮೊದಲ ದಿನ ಮಗಳಿಗೆ ಆಟವಾಯಿತೇ ಹೊರತು ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಬೇರೆ ಬೇರೆ ಟ್ರೇಲರುಗಳಿಗೆ ಬೇರೆ ಹೊಂದಾಣಿಕೆಗಳನ್ನು ನೆನಪಿಟ್ಟುಕೊಳ್ಳುವ ಅನುಕೂಲ ಮಾತ್ರ ಉಪಯೋಗಕ್ಕೆ ಬಂದಿದೆ, ಏಕೆಂದರೆ ಸ್ನೇಹಿತರ ದೋಣಿಯನ್ನು ವರ್ಷಕ್ಕೆ ಎರಡು ಸಲ ನಾನೇ ಎಳೆಯುತ್ತೇನೆ.

ನಿಮ್ಮ ಪಿಕಪ್ಪಿನಲ್ಲಿ ಕಾರ್ಖಾನೆಯಿಂದಲೇ ಕಂಟ್ರೋಲರ್ ಬಂದಿದ್ದರೆ ಇದನ್ನು ಕೊಳ್ಳಬೇಡಿ. ಅದು ವಾಹನದ ಬ್ರೇಕ್ ವ್ಯವಸ್ಥೆಯ ಜೊತೆಗೇ ಮಾತಾಡಿಕೊಳ್ಳುವುದರಿಂದ ಹೊರಗಿನಿಂದ ಬಿಗಿದ ಪೆಟ್ಟಿಗೆಗಿಂತ ಹದವಾಗಿರುತ್ತದೆ. ವರ್ಷಕ್ಕೊಮ್ಮೆ ಬಾಡಿಗೆ ವಾಹನದಲ್ಲಿ ಎಳೆಯುವವರಿಗೆ ಸಾಕೆಟ್ಟಿಗೆ ಸಿಕ್ಕಿಸುವ ಬಗೆಯೇ ಸಾಕು. ಉಳಿದಂತೆ, ನನ್ನ ಎಫ್-150ರಂತಹ ಹಳೆಯ ಪಿಕಪ್ ಇಟ್ಟುಕೊಂಡು ಬೆಟ್ಟಗಳ ನಡುವೆ ಓಡಾಡುವವರು ಇದರ ಜೊತೆಗೆ ಒಂದು ಮೀಟರನ್ನೂ ಕೊಂಡು, ಮೊದಲು ಟ್ರೇಲರಿನ ಅಡಿಯ ತಂತಿಗಳನ್ನು ನೋಡಿ, ಆಮೇಲೆ ಡ್ಯಾಶ್‌ಬೋರ್ಡಿಗೆ ಡ್ರಿಲ್ ಹಿಡಿಯಲಿ.