ಮರೌಡರ್‌ಗೆ ಜಗರ್‌ನಾಟೋ, ಬರ್ಸರ್ಕರೋ?

ಪಾತ್ ಆಫ್ ಎಕ್ಸೈಲ್ ಎಂಬ ವಿಡಿಯೋ ಗೇಮ್‌ನಲ್ಲಿ ಮರೌಡರ್ ಒಂದು ಪಾತ್ರವರ್ಗ; ಜಗರ್‌ನಾಟ್, ಬರ್ಸರ್ಕರ್ ಅದರ ಉಪವರ್ಗಗಳು, 2016ರಲ್ಲಿ ಬಂದವು. ಲ್ಯಾಬಿರಿಂತ್ ಎಂಬ ಬಲೆಗಳ ಚಕ್ರವ್ಯೂಹದಲ್ಲಿ ಬಾಸ್ (ದೊಡ್ಡ ಶತ್ರು) ಇಜಾರೋನನ್ನು ಮಣಿಸಿದರೆ ಉಪವರ್ಗದ ಶಕ್ತಿ ಕೊಳ್ಳುವ ಪಾಯಿಂಟ್, ಒಟ್ಟು 8. ಮರೌಡರ್‌ಗೆ ಚೀಫ್‌ಟನ್ ಕೂಡ ಇದೆ, ಆದರೆ ಬೆಂಕಿಯ ಹುಚ್ಚಿದ್ದವರಿಗೆ ಮಾತ್ರ.

ಜಗರ್‌ನಾಟ್ (ಹೆಸರು ಪುರಿ ಜಗನ್ನಾಥನ ರಥದಿಂದಲೇ ಬಂದದ್ದು!) ಎಂದರೆ ಬಂಡೆ. ಬೀಳುವ ಏಟನ್ನು ತಗ್ಗಿಸುವ ಎಂಡ್ಯೂರೆನ್ಸ್ ಚಾರ್ಜ್ ಬೇಗ ತುಂಬುತ್ತದೆ. ‘ಅನ್‌ಸ್ಟಾಪಬಲ್’ ಎಂಬ ಶಕ್ತಿ ತಗೊಂಡರೆ ಸ್ಟನ್ (ಏಟಿಗೆ ಕ್ಷಣ ಸ್ತಬ್ಧವಾಗುವುದು) ಕಾಟವಿಲ್ಲ. ಗುಂಪಿನ ನಡುವೆ ನಿಂತು, ಎಡಗೈಲಿ ಚಹಾ ಹಿಡಿದೂ ಆಡಬಹುದು. ಬಾಸ್ ಸಾಯೋದು ಮಾತ್ರ ನಿಧಾನ.

ಬರ್ಸರ್ಕರ್‌ದು ಏಟಿನ ಆಟ. ಹೊಡೆದಷ್ಟೂ ಏಟಿನ ಬಲ ಹೆಚ್ಚಿಸುವ ರೇಜ್ (ರೋಷ) ಏರುತ್ತದೆ, ಸುಮ್ಮನಾದರೆ ಇಳಿಯುತ್ತದೆ. ಹೆಚ್ಚು ಏಟು ಕೊಡಿಸುವ ‘ಆಸ್ಪೆಕ್ಟ್ ಆಫ್ ಕಾರ್ನೇಜ್’ ನಮಗೆ ಬೀಳುವ ಏಟನ್ನೂ ಹೆಚ್ಚಿಸುತ್ತದೆ.

ಹಾರ್ಡ್‌ಕೋರ್ (ಒಮ್ಮೆ ಸತ್ತರೆ ಆ ಲೀಗಿನಿಂದ ಔಟ್) ಆಡುವವರು, ಹೊಸಬರು ಕಣ್ಮುಚ್ಚಿ ಜಗರ್‌ನಾಟ್ ತಗೊಳ್ಳಿ. ಪಾಯಿಂಟ್ ವಾಪಸ್ ಪಡೆದು ಆಮೇಲೆ ಬದಲಿಸಬಹುದು.